ದನಿ ಬಂದ್ ಮಾಡುವ ಸ್ವಿಚ್

ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಜಾತ್ರೆಯಿರಲಿ, ಆಳಂದದ ಲಾಡ್ಲೆ ಮಶಾಕ್ ಉರುಸಿರಲಿ, ಜೇವರ್ಗಿಯ ಸಂತೆಯಿರಲಿ, ಮಕ್ಕಳು ನಮ್ಮ ಕೈ ಜಗ್ಗುವುದು ಮಾತಾಡುವ, ಕಾರಿನಿಂದ ರೋಬೋ ಆಗುವ ಆಟಿಕೆಯ ಕಡೆಗೇ. ಜಪಾನಿನ ಟಕಾರಾ ಕಂಪನಿಯ ಇಂಥ ಆಟಿಕೆಗಳನ್ನು ಅಮೆರಿಕದ ಹ್ಯಾಸ್ಬ್ರೊ 1984ರಲ್ಲಿ ‘ಟ್ರಾನ್ಸ್‌ಫಾರ್ಮರ್ಸ್’ ಹೆಸರಿನಲ್ಲಿ ಮಾರತೊಡಗಿದ ಮೇಲೆ ಹಬ್ಬಿದ ಆಸೆ ಇದು. ನಾನು ಮೊದಲು ತಿರುವಿ ನೋಡುವುದು ಆಟಿಕೆಯ ತಳವನ್ನು: ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇದೆಯೇ? ಗುಂಡಿಯಂಥ ಪುಟ್ಟ ಬ್ಯಾಟರಿ ಮಗುವಿನ ಗಂಟಲಲ್ಲಿ ಸಿಕ್ಕಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಅದಿಲ್ಲದ್ದನ್ನು, ಎಷ್ಟೇ ಅಗ್ಗವಿದ್ದರೂ, ಅಲ್ಲೇ ಇಟ್ಟುಬಿಡಿ. ಮೂರು ವರ್ಷದೊಳಗಿನ ಕೂಸಿಗೆ ಕಳಚುವ ಚಕ್ರ ಬೇಡವೇ ಬೇಡ. ಗುಂಡಿ ಒತ್ತಿದೊಡನೆ ತಾನೇ ಎದ್ದುನಿಲ್ಲುವ ರೋಬೋವನ್ನು ಮಗು ಬರೀ ನೋಡುತ್ತದೆ. ಮೂರ್ನಾಲ್ಕು ತಿರುವುಗಳಲ್ಲಿ ತನ್ನ ಕೈಯಿಂದಲೇ ರೂಪ ಬದಲಿಸುವುದಾದರೆ ಬೆರಳೂ ಬುದ್ಧಿಯೂ ಕೂಡಿ ದುಡಿಯುತ್ತವೆ. ಮಾತಿನ ವಿಷಯದಲ್ಲಿ ಮಾತ್ರ ನನಗೆ ನಿಜಕ್ಕೂ ಸಂಕಟ. ಮನೆಯಲ್ಲಿ ‘ಯಪ್ಪಾ, ಎಲ್ಲಿ ಹೊಂಟಿ?’ ಎಂದು ಕೇಳುವ ಕೂಸಿನೆದುರು ನಾನು ಕಂಡ ರೋಬೋಗಳು ಇಂಗ್ಲಿಷಿನ ನಾಲ್ಕೇ ವಾಕ್ಯ ಒದರುತ್ತವೆ, ಅದೂ ಕಿವಿ ಹತ್ತಿರ ಹಿಡಿದರೆ ನೋಯುವಷ್ಟು ಜೋರಾಗಿ. ಜೋಳದ ದಂಟಿನ ಬೆಂಡಿನಿಂದ ಬಂಡಿ ಕಟ್ಟಿ, ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳನ್ನು ಮುಂದಿಟ್ಟುಕೊಂಡ ನಮ್ಮ ಮಕ್ಕಳು ಎತ್ತಿನ ಮಾತನ್ನೂ ಬಂಡಿಯ ಸದ್ದನ್ನೂ ತಾವೇ ಆಡುತ್ತಿದ್ದರು. ಹಾಗಾಗಿ ನಾನು ಕೊಳ್ಳುವುದು ದನಿ ಬಂದ್ ಮಾಡುವ ಸ್ವಿಚ್ ಇರುವುದನ್ನು.