ಸಾಬೂನಿಗೆ ಶೇ 5, ಲೇಪನಕ್ಕೆ ಶೇ 18

2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಪರಿಷ್ಕರಣೆಯನ್ನು ಗೃಹಿಣಿಯರಿಗೆ ಸಂದ ಹಬ್ಬದ ಉಡುಗೊರೆಯೆಂದು ಕೊಂಡಾಡಿದವರಲ್ಲಿ ಒಬ್ಬರಾದರೂ, ಸ್ನಾನದ ಸಾಬೂನು, ಟಾಲ್ಕಂ ಪೌಡರುಗಳ ತೆರಿಗೆ ಶೇ 18ರಿಂದ ಶೇ 5ಕ್ಕೆ ಇಳಿದಾಗ, ಅದೇ ಅಂಗಡಿಯ ಅದೇ ಕಪಾಟಿನ ಮಾಯಿಶ್ಚರೈಸರ್ ಲೇಪನ ಸೌಂದರ್ಯವರ್ಧಕವೆಂಬ ಹಣೆಪಟ್ಟಿ ಹೊತ್ತು ಶೇ 18ರಲ್ಲಿಯೇ ಏತಕ್ಕೆ ಉಳಿಯಿತೆಂದು ಕೇಳಿದಂತೆ ಕಾಣಲಿಲ್ಲ. ಔಷಧಗಳ ತೆರಿಗೆಯೂ ಶೇ 5ಕ್ಕೆ ಇಳಿದುದರಿಂದ ಸ್ಟೀರಾಯ್ಡ್ ಮುಲಾಮೂ ಆ ರಿಯಾಯಿತಿಗೆ ಪಾತ್ರವಾಯಿತು. ಎಳೆಯ ಮಕ್ಕಳ ಇಸುಬಿನ ದೃಷ್ಟಿಯಿಂದ ಇದು ತಲೆಕೆಳಗಾದ ತೆರಿಗೆ: ಚರ್ಮವನ್ನು ಒಣಗಿಸುವುದು ಅಗ್ಗ, ಕಾಯುವುದು ತುಟ್ಟಿ.

ಇಸುಬು ರೋಗನಿರೋಧಕ ಜೀವಕೋಶಗಳ ಅತಿರೇಕವೆಂದೂ, ಅವುಗಳ ಸಂದೇಶವನ್ನು ತಡೆಯುವ ಡ್ಯುಪಿಲುಮ್ಯಾಬ್ ಚುಚ್ಚುಮದ್ದನ್ನು ಸರ್ಕಾರಿ ವಿಮೆಗೆ ಸೇರಿಸಿದರೆ ಕಾರ್ಯ ಮುಗಿದಂತೆಯೇ ಎಂದೂ ವಾದಿಸುವ ಅಂಕಣಕಾರರಿದ್ದಾರೆ. ಅಮೆರಿಕದಲ್ಲಿ 2022ರ ಜೂನಿನಿಂದ 6 ತಿಂಗಳ ಕೂಸಿಗೂ ಕೊಡಲು ಅನುಮತಿಯಿರುವ ಆ ಔಷಧದ ಮಹತ್ತ್ವವನ್ನು ನಾನು ಅಲ್ಲಗಳೆಯೆನು. ಆದರೆ ಆಯುಷ್ಮಾನ್ ಭಾರತವು ಆಸ್ಪತ್ರೆಗೆ ದಾಖಲಾದವರ ಯೋಜನೆ, ಇಸುಬಿನ ಮಗುವಾದರೋ ಹೊರರೋಗಿಗಳ ಸಾಲಿನಲ್ಲಿ ತಾಯ ಕಂಕುಳಲ್ಲಿದ್ದು ಬಂದ ದಾರಿಯಲ್ಲಿಯೇ ಹಿಂದಿರುಗುವಂಥದು, ಎಂಬಷ್ಟು ಈ ಮಹನೀಯರಿಗೆ ತಿಳಿಯದೆ?

ಅವರು ಆಧಾರವಾಗಿ ಹಿಡಿದ ವಿಜ್ಞಾನವನ್ನೇ ತುಸು ನಿಧಾನವಾಗಿ ಓದಿದರೆ ಅದು ನನ್ನ ಪಕ್ಷವನ್ನು ಹೇಳುತ್ತದೆ. ಚರ್ಮದ ಹೊರಪದರವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನು ಕೆಟ್ಟವರಿಗೆ ಇಸುಬಿನ ಸಂಭವ ಹೆಚ್ಚೆಂಬುದನ್ನು ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾನಿಲಯದ ಅರ್ವಿನ್ ಮೆಕ್‌ಲೀನರ ತಂಡ 2006ರಲ್ಲಿ ತೋರಿಸಿಕೊಟ್ಟಿತು. ಜೀನಿನ ದೋಷವಿರಲಿ, ಸಾಬೂನಿನ ಉಪದ್ರವವಿರಲಿ, ಪದರ ಬಿರಿದೊಡನೆ ಚರ್ಮದ ಕೋಶಗಳು ಟಿಎಸ್‌ಎಲ್‌ಪಿ, ಇಂಟರ್‌ಲ್ಯೂಕಿನ್-33 ಎಂಬ ಅಪಾಯಸಂದೇಶಗಳನ್ನು ಹೊರಡಿಸುವುವು. ಅವುಗಳಿಂದ ಎಚ್ಚೆತ್ತ ಜನ್ಮಜಾತ ಲಿಂಫ್ ಕೋಶಗಳೂ ಎರಡನೆಯ ಬಗೆಯ ಸಹಾಯಕ ಟಿ-ಕೋಶಗಳೂ ಸೇರಿ ಇಂಟರ್‌ಲ್ಯೂಕಿನ್-4, 13, 31ಗಳನ್ನು ಸುರಿಸುವುವು. 31 ನರಗಳನ್ನು ತಟ್ಟಿ ನವೆಯೆಬ್ಬಿಸುತ್ತದೆ, ಮಗು ಕೆರೆಯುತ್ತದೆ, ಕೆರೆದಲ್ಲಿ ಪದರ ಮತ್ತಷ್ಟು ಹರಿಯುತ್ತದೆ. 4 ಮತ್ತು 13ರ ಕೇಡು ಇನ್ನೂ ಸೂಕ್ಷ್ಮ: ಜೀನು ಸರಿಯಾಗಿಯೇ ಇರುವ ಮಗುವಿನಲ್ಲಿಯೂ ಅವು ಫಿಲಾಗ್ರಿನ್ ಉತ್ಪತ್ತಿಯನ್ನು ಕುಗ್ಗಿಸುವುವು. ಇದರ ಮೇಲೆ, ದದ್ದು ಮಾದ ತರುವಾಯವೂ ಆ ಜಾಗವನ್ನು ಬಿಟ್ಟು ಕದಲದ ಸ್ಮೃತಿಕೋಶಗಳುಂಟು. ಸ್ಟೀರಾಯ್ಡಿನಿಂದ ನುಣುಪಾದ ಮೊಣಕೈ ಮಡಿಕೆ ಟ್ಯೂಬು ಮುಗಿದ ಮೇಲೆ ಅಲ್ಲಿಯೇ ಮತ್ತೆ ಕೆಂಡವಾಗುವುದಕ್ಕೆ ಇವೂ ಕಾರಣ.

ಬ್ರಿಟನ್ನಿನ ಬೀಪ್ ಪ್ರಯೋಗವನ್ನು ಮುಂದೊಡ್ಡಿ ಲೇಪನವೇ ನಿಷ್ಪ್ರಯೋಜಕವೆನ್ನುವವರೂ ಇಲ್ಲದಿಲ್ಲ. 2020ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಅಲರ್ಜಿಯ ಮನೆತನಗಳ 1394 ಹಸುಗೂಸುಗಳ ಪೈಕಿ, ಮೊದಲ ವರ್ಷವಿಡೀ ಲೇಪನ ಕಂಡವುಗಳಲ್ಲಿ ಶೇ 23ಕ್ಕೂ ಕಾಣದವುಗಳಲ್ಲಿ ಶೇ 25ಕ್ಕೂ ಎರಡು ವರ್ಷ ತುಂಬುವ ವೇಳೆಗೆ ಇಸುಬಿತ್ತು. ನಿಜ, ಬಾರದಂತೆ ತಡೆಯುವುದು ಲೇಪನದಿಂದಾಗಲಿಲ್ಲ. ಬಂದುದನ್ನು ಹತೋಟಿಯಲ್ಲಿಡುವುದು ಬೇರೆಯ ಪ್ರಶ್ನೆ. ಅಲ್ಲಿ ಅದು ಮರುಕಳಿಕೆಯನ್ನೂ ಸ್ಟೀರಾಯ್ಡಿನ ಅಗತ್ಯವನ್ನೂ ತಗ್ಗಿಸುವುದಕ್ಕೆ ಸಾಕ್ಷ್ಯವಿದೆ.

ಇನ್ನು ಪ್ರಮಾಣ. ಇಸುಬಿನ ಮಗುವಿಗೆ ವಾರಕ್ಕೆ 250ರಿಂದ 500 ಗ್ರಾಂ ಲೇಪನ ಬೇಕೆಂದು ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ವಿಧಿಸುತ್ತದೆ. ಕನಿಷ್ಠವನ್ನೇ ಹಿಡಿದರೂ ತಿಂಗಳಿಗೆ ಒಂದು ಕಿಲೋ! ತೆರಿಗೆಯ ಚರ್ಚೆಯಲ್ಲಿ ಯಾರೂ ಎತ್ತದ ಅಂಕಿ ಇದು. ಗೋದಾವರಿಯ ಸೀಮೆಯಾದರೂ ಮಳೆಯ ನೆರಳಿನಲ್ಲಿ ಬಿದ್ದ ಮರಾಠವಾಡದ ವೈಜಾಪುರದಲ್ಲಿ, ಮಾಗಿಯ ಒಣಗಾಳಿಯಲ್ಲಿ ಗಡಸು ನೀರಿನ ಸ್ನಾನ ಮಾಡಿಸಿ, ಟವೆಲಿನಿಂದ ಉಜ್ಜಿ, ಕತ್ತು ಕಂಕುಳಗಳಿಗೆ ಬೆಳ್ಳಗೆ ಪೌಡರು ಸವರುವ ತಾಯಿಗೆ, ಸವರಬೇಕಾದುದು ಪೌಡರಲ್ಲ, ಮೈಯ ತೇವ ಆರುವ ಮುನ್ನ ಧಾರಾಳವಾಗಿ ಲೇಪನ, ಎಂದು ವೈದ್ಯರು ಹೇಳಿದರೆ, ಆಕೆ ಕೊಳ್ಳಬಲ್ಲುದು ಬೆರಳುದ್ದದ ಟ್ಯೂಬನ್ನು. ಅದು ಮೂರು ದಿನಕ್ಕೆ ಮುಗಿದು, ನಾಲ್ಕನೆಯ ದಿನ ಔಷಧದಂಗಡಿಯವನು ಚೀಟಿಯಿಲ್ಲದೆಯೇ ಕೊಡುವ ಬೇರೊಂದು ಟ್ಯೂಬು ಮನೆಗೆ ಬರುತ್ತದೆ. ನಮ್ಮ ಕಲಬುರಗಿ, ವಿಜಯಪುರಗಳ ಕಥೆಯೂ ಬೇರೆಯಲ್ಲ.

ಸೌಂದರ್ಯವರ್ಧಕವನ್ನೂ ಮದ್ದನ್ನೂ ಬೇರ್ಪಡಿಸುವುದು ದುಸ್ಸಾಧ್ಯವೆಂಬ ನೆಪ ನಿಲ್ಲದು. ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಯಾದ ಷೆಡ್ಯೂಲ್ ಎಚ್‌ನಲ್ಲಿ ಮೈಮೇಲೆ ಹಚ್ಚುವ ಔಷಧಗಳಿಗಿದ್ದ ವಿನಾಯಿತಿಯನ್ನು 14 ಸ್ಟೀರಾಯ್ಡುಗಳ ಮಟ್ಟಿಗೆ 2018ರ ಮಾರ್ಚಿನ ಒಂದೇ ಅಧಿಸೂಚನೆಯಿಂದ ಕೇಂದ್ರ ತೆಗೆದುಹಾಕಿತು. ಪಾಲನೆ ಸೊನ್ನೆಯೆಂಬುದು ಬೇರೆ ಮಾತು. ಪರಿಮಳವಿಲ್ಲದ, ಬಣ್ಣವಿಲ್ಲದ, 250 ಗ್ರಾಂಗೆ ಕಡಿಮೆಯಿಲ್ಲದ ಡಬ್ಬಿಯಲ್ಲಿ ಮಾರುವ ಪ್ಯಾರಫಿನ್, ಗ್ಲಿಸರಿನ್ ಲೇಪನಗಳನ್ನು ಶೇ 5ರ ಪಟ್ಟಿಗೆ ಸೇರಿಸುವುದಕ್ಕೆ ಜಿಎಸ್‌ಟಿ ಮಂಡಳಿಗೆ ಅಷ್ಟೂ ಶ್ರಮ ಬೇಡ.