ಓದಲು ಬಂದ ಮಗುವಿಗೂ ಓದಿ ಹೇಳಿ

ಮಗು ತಾನೇ ಓದಲು ಕಲಿತರೆ ಕತೆ ಹೇಳುವ ಕೆಲಸ ಮುಗಿಯಿತು ಅಂತ ಅನೇಕ ತಾಯಂದಿರು ಅಂದುಕೊಳ್ಳುತ್ತಾರೆ. ಆದರೆ ಬೇಸಿಗೆ ರಜೆಗೆ ಮಾಲೂರು ತಾಲ್ಲೂಕಿನ ಲಕ್ಕೂರಿಗೋ ಇನ್ಯಾವುದೋ ಊರಿಗೋ ಹೋದಾಗ ನಿಜ ಗೊತ್ತಾಗುತ್ತೆ. ಅಜ್ಜಿ ಕತೆ ಶುರು ಮಾಡಿದರೆ ಮಗುವಿಗೆ ಅರ್ಧ ಮಾತು ತಿಳಿಯೋದಿಲ್ಲ, ಕೈ ಮೊಬೈಲಿನ ಕಡೆ ಹೋಗುತ್ತೆ. ಇದಕ್ಕೆ ಇಂಗ್ಲಿಷ್ ಶಾಲೆಯನ್ನು ದೂರಿ ಪ್ರಯೋಜನವಿಲ್ಲ. ಮನೆಯಲ್ಲಿ ದಿನಾ ಕನ್ನಡದ ಕತೆ ಕಿವಿಗೆ ಬೀಳಬೇಕು.

ಗಟ್ಟಿಯಾಗಿ ಓದಿ ಹೇಳಲು ‘ಪಿನೋಕಿಯೋ’ ಬಹಳ ಚೆನ್ನಾಗಿದೆ. ಇಟಲಿಯ ಕಾರ್ಲೊ ಕೊಲ್ಲೋಡಿ ಇದನ್ನು 1881ರಲ್ಲಿ ಮಕ್ಕಳ ವಾರಪತ್ರಿಕೆಗೆ ಧಾರಾವಾಹಿಯಾಗಿ ಬರೆಯತೊಡಗಿದರು. 1883ರಲ್ಲಿ ಪುಸ್ತಕವಾಯಿತು. ಇರುವುದು 36 ಪುಟ್ಟ ಅಧ್ಯಾಯ. ದಿನಕ್ಕೊಂದು ಓದಿದರೆ ರಜೆಯೊಳಗೇ ಕತೆಯೂ ಮುಗಿಯುತ್ತೆ.

ಮಾತನಾಡುವ ಮರದ ತುಂಡನ್ನು ಬಡವ ಜೆಪೆಟ್ಟೊ ಕೆತ್ತಿ ಗೊಂಬೆ ಮಾಡುತ್ತಾನೆ. ಮಾಲೂರು ತಾಲ್ಲೂಕಿನದೇ ಶಿವಾರಪಟ್ಟಣದಲ್ಲಿ ಶಿಲ್ಪಿಗಳು ಕಲ್ಲು ಕೆತ್ತೋದನ್ನು ಮಕ್ಕಳಿಗೆ ಒಮ್ಮೆ ತೋರಿಸಿ. ಆ ಕಲ್ಲಿಗೆ ಮಾತು ಬಂದರೆ ಏನನ್ನುತ್ತಿತ್ತು ಅಂತ ಕೇಳಿ ನೋಡಿ!

ಕನ್ನಡ ಪುಸ್ತಕ ಸಿಗಲಿಲ್ಲವೇ? ಇಂಗ್ಲಿಷಿನದನ್ನೇ ಮುಂದಿಟ್ಟುಕೊಂಡು ನಿಮ್ಮ ಮನೆಮಾತಿನಲ್ಲಿ ಹೇಳಿ. ನರಿಗೊಂದು ದನಿ, ಬೆಕ್ಕಿಗೊಂದು ದನಿ ಇರಲಿ. ಒಂದು ಎಚ್ಚರಿಕೆ: 15ನೇ ಅಧ್ಯಾಯದಲ್ಲಿ ಕಳ್ಳರು ಗೊಂಬೆಯನ್ನು ಮರಕ್ಕೆ ನೇತುಹಾಕುತ್ತಾರೆ. ಕೊಲ್ಲೋಡಿ ಮೊದಲು ಕತೆಯನ್ನು ಅಲ್ಲಿಗೇ ಮುಗಿಸಿದ್ದರು, ಆಮೇಲೆ ಮುಂದುವರಿಸಿದರು. ಪುಟ್ಟ ಮಕ್ಕಳಾದರೆ ಆ ರಾತ್ರಿ ಅಲ್ಲೇ ನಿಲ್ಲಿಸದೆ, ಗೊಂಬೆಯನ್ನು ಕಾಪಾಡುವ ಮುಂದಿನ ಅಧ್ಯಾಯವನ್ನೂ ಓದಿಬಿಡಿ.

ಇನ್ನೊಂದು ಮಾತು. ಸುಳ್ಳು ಹೇಳಿದರೆ ಮೂಗು ಬೆಳೆಯುತ್ತೆ ಅಂತ ಹೆದರಿಸೋದಕ್ಕೆ ಮಾತ್ರ ಈ ಕತೆ ಬೇಡ. ಚಳಿಗಾಲದಲ್ಲಿ ಜೆಪೆಟ್ಟೊ ತನ್ನ ಕೋಟು ಮಾರಿ ಮಗನಿಗೆ ಅಕ್ಷರ ಕಲಿಯುವ ಪುಸ್ತಕ ತರುತ್ತಾನೆ. ಕೋಟೆಲ್ಲಿ ಅಂದರೆ, ಸೆಕೆ ಆಗ್ತಿತ್ತು, ಮಾರಿಬಿಟ್ಟೆ ಅನ್ನುತ್ತಾನೆ. ಮಗನೋ, ಆ ಪುಸ್ತಕವನ್ನೇ ಮಾರಿ ಗೊಂಬೆಯಾಟ ನೋಡಲು ಹೋಗುತ್ತಾನೆ. “ನಿನ್ನ ಫೀಸಿಗೆ ನಾವೆಷ್ಟು ಕಷ್ಟಪಡ್ತೀವಿ ಗೊತ್ತಾ?” ಅನ್ನೋ ಮಾತು ಇಲ್ಲಿ ನಿಮ್ಮ ನಾಲಿಗೆ ತುದಿಗೆ ಬಂದೇ ಬರುತ್ತೆ. ದಯವಿಟ್ಟು ನುಂಗಿಕೊಳ್ಳಿ. ಜೆಪೆಟ್ಟೊ ಕೂಡ ಹೇಳಿಕೊಳ್ಳಲಿಲ್ಲವಲ್ಲ! ಓದು ನಿಲ್ಲಿಸಿ ಎರಡು ನಿಮಿಷ ಸುಮ್ಮನಿರಿ. ಅಪ್ಪ ಯಾಕೆ ಹಾಗಂದ ಅಂತ ಮಗು ತಾನೇ ಕೇಳಬಹುದು. ನೀವು ಉಪದೇಶಕ್ಕೆ ಇಳಿದರೆ ಆ ಪ್ರಶ್ನೆ ಅಲ್ಲೇ ಸತ್ತುಹೋಗುತ್ತೆ.

ಅಡುಗೆಮನೆ ಕೆಲಸ ಮುಗಿದ ಮೇಲೆ ಹತ್ತೇ ಹತ್ತು ನಿಮಿಷ ಸಾಕು. ಟೀವಿ ಆರಿಸಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಉಚ್ಚಾರ ತಪ್ಪಿದರೂ ಪರವಾಗಿಲ್ಲ, ಇವತ್ತು ರಾತ್ರಿಯೇ ಶುರು ಮಾಡಿ.