ತೂಕ ಹಾಕದೆ ಬರೆದ ತೊಂಬತ್ತು ಗಂಟೆ

ಇವರಿಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು, ಕರ್ನಾಟಕ ಸರ್ಕಾರ
ಹಾಗೂ ರಾಜ್ಯದ ವಿಶ್ವವಿದ್ಯಾಲಯಗಳ ಕುಲಪತಿಗಳು

ವಿಷಯ: ಪದವಿ ವಿದ್ಯಾರ್ಥಿಗಳ ಇಂಟರ್ನ್‌ಶಿಪ್ ಮತ್ತು ಅದಕ್ಕೆ ಕೊಡುವ ಕ್ರೆಡಿಟ್ ಬಗ್ಗೆ ಮಲೆನಾಡಿನ ಪೋಷಕನೊಬ್ಬನ ಅಹವಾಲು

ಮಾನ್ಯರೇ,

ನಾನು ಬಾಳ್ಳುಪೇಟೆ ಪಕ್ಕದ ಹಳ್ಳಿಯ ಸಣ್ಣ ಕಾಫಿ ಬೆಳೆಗಾರ. ಒಂದಿಷ್ಟು ರೋಬಸ್ಟಾ, ಮರಗಳಿಗೆ ಹಬ್ಬಿಸಿದ ಮೆಣಸು, ಕೆಳಗಿನ ಗದ್ದೆ, ಇಷ್ಟೇ ನಮ್ಮ ಬದುಕು. ನಮ್ಮ ಮನೆಯಿಂದ ಪದವಿಯವರೆಗೆ ಹೋದವಳು ಮಗಳೇ ಮೊದಲು. ಅವಳು ಬಿ.ಕಾಂ. ಮುಗಿಸಿದ್ದಾಳೆ. ಅವಳ ಅಂಕಪಟ್ಟಿಯಲ್ಲಿ ‘ಇಂಟರ್ನ್‌ಶಿಪ್: 2 ಕ್ರೆಡಿಟ್’ ಎಂಬ ಒಂದು ಸಾಲಿದೆ. ಆ ಒಂದು ಸಾಲಿನ ಬಗ್ಗೆ ಈ ಪತ್ರ.

ಆರನೇ ಸೆಮಿಸ್ಟರ್‌ನಲ್ಲಿ ಕಾಲೇಜಿನವರು ಮಕ್ಕಳ ಕೈಗೆ ಒಂದೊಂದು ಪತ್ರ ಕೊಟ್ಟು, ‘ಎಲ್ಲಾದರೂ ಜಾಗ ನೋಡಿಕೊಳ್ಳಿ, ಕೊನೆಗೆ ಸರ್ಟಿಫಿಕೇಟು, ರಿಪೋರ್ಟು ತಂದುಕೊಡಿ’ ಎಂದರು. ಕಾಲೇಜಿನ ಹೆಸರು ಇಲ್ಲಿ ಬೇಡ. ಮಕ್ಕಳನ್ನು ಕಳಿಸಲು ಜಾಗವೇ ಇಲ್ಲದಿದ್ದರೆ ಆ ಉಪನ್ಯಾಸಕರಾದರೂ ಏನು ಮಾಡಿಯಾರು? ಮಗಳು ಆ ಪತ್ರ ಹಿಡಿದು ಎರಡು ಬ್ಯಾಂಕಿಗೆ ಹೋದಳು. ನಮ್ಮಲ್ಲಿ ಅಂಥ ವ್ಯವಸ್ಥೆ ಇಲ್ಲ ಎಂದು ವಾಪಸು ಕಳಿಸಿದರು. ಕೊನೆಗೆ ನೆಂಟರೊಬ್ಬರ ಮಾತಿನ ಮೇಲೆ ಹಾಸನದ ಒಂದು ಲೆಕ್ಕಪತ್ರದ ಕಚೇರಿಯವರು ಅವಳನ್ನು ಕೂರಿಸಿಕೊಳ್ಳಲು ಒಪ್ಪಿದರು.

ಬಾಳ್ಳುಪೇಟೆ ಹೆದ್ದಾರಿಯ ಮೇಲಿನ ಊರು, ರೈಲು ನಿಲ್ದಾಣವೂ ಇದೆ. ನಕ್ಷೆ ನೋಡಿದವರಿಗೆ ಹಾಸನ ಹತ್ತಿರವೆಂದೇ ಕಾಣುತ್ತದೆ. ಆದರೆ ನಮ್ಮ ಮನೆಯಿಂದ ಹೆದ್ದಾರಿಗೆ ಬರಲು ತೋಟದ ನಡುವಿನ ರಸ್ತೆಯಲ್ಲಿ ನಡೆಯಬೇಕು. ಆಲೂರು–ಸಕಲೇಶಪುರ ಸೀಮೆಯಲ್ಲಿ ಆ ನಡಿಗೆ ಎಂದರೆ ಏನೆಂದು ಅರಣ್ಯ ಇಲಾಖೆಯನ್ನು ಕೇಳಿದರೆ ಹೇಳುತ್ತಾರೆ. ಆನೆ ಯಾವ ತೋಟದಲ್ಲಿದೆ ಎಂದು ಮೊಬೈಲಿಗೆ ಬರುವ ಸಂದೇಶ ನೋಡದೆ ಬೆಳಿಗ್ಗೆ ಮನೆಯಿಂದ ಹೊರಡುವಂತಿಲ್ಲ, ಕತ್ತಲಾದ ಮೇಲೆ ಒಬ್ಬರೇ ಬರುವಂತಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ. ಅದರ ಉಪಕಾರವನ್ನು ನಾನು ಮರೆಯುವವನಲ್ಲ. ಆದರೂ ಸಂಜೆ ಆರಕ್ಕೆ ಕಚೇರಿ ಬಿಟ್ಟ ಹುಡುಗಿ ಮನೆ ಸೇರುವ ತನಕ ಅವಳ ತಾಯಿ ಒಲೆ ಮುಂದೆ ಕೂತು ಫೋನ್ ನೋಡುತ್ತಲೇ ಇರುತ್ತಿದ್ದಳು.

ಅಷ್ಟೆಲ್ಲ ಪಾಡುಪಟ್ಟು ಹೋದ ಕಡೆ ಅವಳಿಗೆ ಸಿಕ್ಕಿದ್ದು ಹಳೆಯ ಬಿಲ್ಲುಗಳನ್ನು ತಾರೀಕಿನ ಪ್ರಕಾರ ಜೋಡಿಸುವ ಕೆಲಸ. ಒಂದು ರಿಟರ್ನ್ ಹೇಗೆ ತುಂಬುತ್ತಾರೆಂದು ಯಾರೂ ತೋರಿಸಲಿಲ್ಲ, ಕಾಲೇಜಿನಿಂದ ಯಾರೂ ಬಂದು ನೋಡಲಿಲ್ಲ. ಅವಳು ಒಂದು ದಿನವೂ ತಪ್ಪಿಸದೆ ತೊಂಬತ್ತು ಗಂಟೆ ಮುಗಿಸಿದಳು. ಅವಳ ಜೊತೆಯವರಲ್ಲಿ ಕೆಲವರು ಆನ್‌ಲೈನಿನಲ್ಲಿ ಯಾವುದೋ ಕಂಪನಿಗೆ ದುಡ್ಡು ಕಟ್ಟಿ, ಮನೆಯಲ್ಲೇ ಕೂತು ತೊಂಬತ್ತು ಗಂಟೆಯ ಸರ್ಟಿಫಿಕೇಟ್ ತರಿಸಿಕೊಂಡರು. ಅವರಿಗೂ ಎರಡು ಕ್ರೆಡಿಟ್, ಇವಳಿಗೂ ಎರಡು ಕ್ರೆಡಿಟ್. ಆ ಮಕ್ಕಳನ್ನು ನಾನು ದೂರುವುದಿಲ್ಲ. ಜಾಗ ಸಿಗದೆ, ಪದವಿ ನಿಂತುಹೋಗುತ್ತದೆಂಬ ಹೆದರಿಕೆಯಲ್ಲಿ ಹಾಗೆ ಮಾಡಿದರು. ಆದರೆ ಫಲಿತಾಂಶ ಬಂದ ದಿನ ಮಗಳು ‘ಹಾಗಾದ್ರೆ ನಾನು ಯಾಕಪ್ಪ ಹೋದೆ?’ ಎಂದು ಕೇಳಿದಳು. ನನ್ನ ಬಳಿ ಉತ್ತರ ಇರಲಿಲ್ಲ. ನಿಮ್ಮ ಬಳಿ ಇದ್ದರೆ ತಿಳಿಸಿ ಎಂದು ಕೇಳುತ್ತಿದ್ದೇನೆ.

ಇಂಟರ್ನ್‌ಶಿಪ್ ಬೇಡ ಎನ್ನಲು ನಾನು ಈ ಪತ್ರ ಬರೆಯುತ್ತಿಲ್ಲ. ಕೈಕೆಲಸದಿಂದ ಬರುವ ಬುದ್ಧಿಯನ್ನು ಪದವಿಯಲ್ಲಿ ಲೆಕ್ಕಕ್ಕೆ ಹಿಡಿಯಬೇಕೆಂಬ ಯೋಚನೆ ಬಹಳ ಒಳ್ಳೆಯದು. 2021–22ರಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ಕಾಲೇಜುಗಳಿಗೆ ತಂದಾಗ ಪಠ್ಯಕ್ರಮದೊಳಗೆ ಇದೂ ಬಂತು: ಆರನೇ ಸೆಮಿಸ್ಟರ್, ನಾಲ್ಕರಿಂದ ಆರು ವಾರ, 90 ಗಂಟೆ, 2 ಕ್ರೆಡಿಟ್. 2024–25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ, ಪಠ್ಯಕ್ರಮವನ್ನು ಹೊಸದಾಗಿ ಬರೆಯಲಾಗುತ್ತಿದೆ. ನೀತಿಯ ಹೆಸರು ಯಾವುದೇ ಇರಲಿ, ಮುಂದೆ ಬರುವ ಮಕ್ಕಳಿಗಾದರೂ ಈ ಲೆಕ್ಕ ಸರಿಹೋಗಲಿ ಎಂಬುದಷ್ಟೇ ನನ್ನ ಆಸೆ.

ಮೊದಲು ಗಂಟೆಗಳ ಲೆಕ್ಕವನ್ನೇ ನೋಡಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಪದವಿ ಚೌಕಟ್ಟಿನಲ್ಲಿ ಇಂಟರ್ನ್‌ಶಿಪ್‌ನ 1 ಕ್ರೆಡಿಟ್ಟಿಗೆ 30 ಗಂಟೆ ಎಂದಿದೆ. ಆ ಲೆಕ್ಕದಲ್ಲಿ 90 ಗಂಟೆ ದುಡಿದವರಿಗೆ 3 ಕ್ರೆಡಿಟ್ ಬರಬೇಕು. ನಮ್ಮ ಮಕ್ಕಳಿಗೆ ಬಂದದ್ದು 2. ನಮ್ಮ ಸಂತೆಯಲ್ಲಿ ಯಾರಾದರೂ ಮೂರು ಸೇರು ಅಳೆಸಿಕೊಂಡು ಎರಡು ಸೇರಿನ ದುಡ್ಡು ಕೊಟ್ಟರೆ ಅದು ಜಗಳದ ವಿಷಯ. ಯುಜಿಸಿ ಇಂಟರ್ನ್‌ಶಿಪ್‌ಗೆಂದೇ ಮಾಡಿದ ಮಾರ್ಗಸೂಚಿಯಲ್ಲಿ ಕಾಲೇಜಿಗೊಬ್ಬ ನೋಡಲ್ ಅಧಿಕಾರಿ, ವಿದ್ಯಾರ್ಥಿಗೊಬ್ಬ ಮಾರ್ಗದರ್ಶಕ, ಕೆಲಸದ ಜಾಗದಲ್ಲಿ ಒಬ್ಬ ಮೇಲ್ವಿಚಾರಕ ಇರಬೇಕೆಂದಿದೆ. ಇದೆಲ್ಲ ಕಾಗದದ ಮೇಲೆ ಚೆನ್ನಾಗಿದೆ. ಆದರೆ ನಮ್ಮ ಕಡೆಯ ಸರ್ಕಾರಿ ಕಾಲೇಜುಗಳಲ್ಲಿ ಪಾಠದ ಹೊರೆ ಹೊತ್ತಿರುವವರು ಬಹುಪಾಲು ಅತಿಥಿ ಉಪನ್ಯಾಸಕರು. ಬರುವ ವರ್ಷ ತಮಗೆ ಕೆಲಸ ಇರುತ್ತದೋ ಇಲ್ಲವೋ ತಿಳಿಯದವರು ಐವತ್ತು ಮಕ್ಕಳನ್ನು ಐವತ್ತು ಕಡೆ ಹೋಗಿ ನೋಡಿ ಬರಬೇಕೆಂದರೆ ಹೇಗೆ? ಅದಕ್ಕೆ ಬೇಕಾದ ಬಿಡುವು, ಬಸ್ಸಿನ ಖರ್ಚು ಅವರಿಗೆ ಯಾರು ಕೊಡುತ್ತಾರೆ?

ನನ್ನ ದೊಡ್ಡ ಸಂಕಟ ಇನ್ನೊಂದಿದೆ. ‘ಮಲೆನಾಡಿನಲ್ಲಿ ಕಂಪನಿಗಳಿಲ್ಲ, ಮಕ್ಕಳನ್ನು ಎಲ್ಲಿಗೆ ಕಳಿಸೋಣ?’ ಎಂದು ಕಾಲೇಜಿನವರು ಕೇಳುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಬಿ.ಕಾಂ. ಓದುವವರಿಗೆ ಕಾಫಿ ತೋಟದ ರೈಟರ್ ಬರೆಯುವ ಚೆಕ್‌ರೋಲ್‌ಗಿಂತ ಒಳ್ಳೆಯ ಪಾಠ ಯಾವುದಿದೆ? ಹಾಜರಿ, ವಾರದ ಬಟವಾಡೆ, ಮುಂಗಡ, ಭವಿಷ್ಯನಿಧಿ ಎಲ್ಲ ಒಂದೇ ಪುಸ್ತಕದಲ್ಲಿ ಸಿಗುತ್ತದೆ. ಔಟ್‌ಟರ್ನ್ ಲೆಕ್ಕವನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಕಾಫಿಗೆ ರೇಟು ಹೇಳುವುದು 50 ಕೆ.ಜಿ. ಮೂಟೆಗೆ. ಒಣಗಿದ ಚೆರಿಯ, ಅಂದರೆ ಕಾಫಿ ಹಣ್ಣಿನ, ಒಂದು ಮೂಟೆಯನ್ನು ಸಿಪ್ಪೆ ತೆಗೆಯುವ ಹಲ್ಲರ್‌ಗೆ ಹಾಕಿದರೆ ಎಷ್ಟು ಕೆ.ಜಿ. ಬೀಜ ಇಳಿಯುತ್ತದೆ ಎಂಬುದರ ಮೇಲೆ ಬೆಳೆಗಾರನ ಕೈಗೆ ಬರುವ ಹಣ ನಿಲ್ಲುತ್ತದೆ. ಈ ಲೆಕ್ಕ ತಿಳಿಯದೆ ವರ್ಷದ ದುಡಿಮೆಯನ್ನು ಕಡಿಮೆಗೆ ಕೊಟ್ಟು ಬಂದ ಸಣ್ಣ ಬೆಳೆಗಾರರು ಊರೂರಲ್ಲಿ ಇದ್ದಾರೆ. ಅವರ ಪಕ್ಕದಲ್ಲಿ ಕ್ಯಾಲ್ಕುಲೇಟರ್ ಹಿಡಿದು ಒಬ್ಬ ವಿದ್ಯಾರ್ಥಿ ಕೂತರೆ ಇಬ್ಬರೂ ಕಲಿಯುತ್ತಾರೆ.

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಕಂಪ್ಯೂಟರೀಕರಿಸುವ ಯೋಜನೆಗೆ ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಹಳೆಯ ಲೆಡ್ಜರಿನ ಸಾಲ, ಷೇರು, ಬಡ್ಡಿ ಎಲ್ಲವನ್ನೂ ತಾಳೆ ನೋಡಿ ಹೊಸ ವ್ಯವಸ್ಥೆಗೆ ಏರಿಸುವ ಕೆಲಸ ವಾಣಿಜ್ಯ ವಿದ್ಯಾರ್ಥಿಗಳಿಗೆಂದೇ ಮಾಡಿಸಿದಂತಿದೆ. ಇನ್ನೊಂದು ಕೆಲಸವೂ ಇದೆ. ಐರೋಪ್ಯ ಒಕ್ಕೂಟ 2023ರಲ್ಲಿ ಒಂದು ಕಾಯ್ದೆ ತಂದಿದೆ. ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ, ಯಾವ ತೋಟದಲ್ಲಿ ಬೆಳೆದದ್ದೆಂದು ಅಕ್ಷಾಂಶ ರೇಖಾಂಶದ ಸಮೇತ ತೋರಿಸಬೇಕು. ಜಾರಿಯ ದಿನ ಮುಂದೆ ಹೋಗಿದ್ದರೂ ಕೆಲಸ ತಪ್ಪಿದ್ದಲ್ಲ. ಎರಡು ಮೂರು ಎಕರೆಯ ಬೆಳೆಗಾರ, ಅದರಲ್ಲೂ ವಯಸ್ಸಾದವರು, ಮೊಬೈಲ್ ಹಿಡಿದು ತೋಟದ ಜಾಗ ಗುರುತಿಸುವುದು ಹೇಗೆ? ಭೂಗೋಳ ಓದುವ, ಕಂಪ್ಯೂಟರ್ ಓದುವ ಮಕ್ಕಳು ಕಾಫಿ ಮಂಡಳಿಯ ಸಿಬ್ಬಂದಿಯ ಜೊತೆ ನಾಲ್ಕು ವಾರ ತೋಟ ಸುತ್ತಿದರೆ ಒಂದು ಹೋಬಳಿಯ ಕಷ್ಟವೇ ಕಡಿಮೆಯಾಗುತ್ತದೆ.

ಸಕಲೇಶಪುರದ ದೋಣಿಗಾಲ್‌ನಲ್ಲಿ ಸಾಂಬಾರ ಮಂಡಳಿಯ ಏಲಕ್ಕಿ ಸಂಶೋಧನಾ ಕೇಂದ್ರ ಇದೆ. ಅದು ಸಸ್ಯಶಾಸ್ತ್ರದವರಿಗೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಹೆದ್ದಾರಿ ಬದಿಯಲ್ಲೇ ಇದೆ. ರಜೆ ಬಂದರೆ ಅಲ್ಲಿ ಜನವೋ ಜನ, ಆದರೆ ಆ ಕೋಟೆ ಯಾಕೆ ಆ ಆಕಾರದಲ್ಲಿದೆ ಎಂದು ಅವರಿಗೆ ವಿವರಿಸಿ ಹೇಳುವವರು ಬೇಕು. ಅದು ಇತಿಹಾಸದವರಿಗೆ. ಇಲ್ಲಿನ ಹಳೆಯ ತೋಟಗಳಲ್ಲಿ ಮಳೆಮಾಪಕ ಇಟ್ಟು, ಬಿದ್ದ ಮಳೆಯನ್ನು ದಿನಾ ಬೆಳಿಗ್ಗೆ ಪುಸ್ತಕದಲ್ಲಿ ಬರೆದಿಡುವ ರೂಢಿಯಿದೆ. ಅಜ್ಜ ಬರೆದದ್ದನ್ನು ಮೊಮ್ಮಗ ಮುಂದುವರಿಸಿದ ಮನೆಗಳಿವೆ. ಕಾಫಿ ಹೂವು ಅರಳಿಸುವ ಹೂಮಳೆ ಯಾವ ವರ್ಷ ಯಾವ ದಿನ ಬಂತು, ಯಾವ ವರ್ಷ ಬರಲೇ ಇಲ್ಲ ಎಂಬುದೆಲ್ಲ ಅದರಲ್ಲಿದೆ. ಗೆದ್ದಲು ತಿನ್ನುವ ಮೊದಲು ಆ ಪುಸ್ತಕಗಳನ್ನು ಒಟ್ಟುಮಾಡಿ ಪಟ್ಟಿ ಮಾಡಿದರೆ ಅದಕ್ಕಿಂತ ದೊಡ್ಡ ಪ್ರಾಜೆಕ್ಟ್ ಯಾವುದು? ಆನೆಯ ಜಾಡು ನೋಡುವ ಅರಣ್ಯ ಸಿಬ್ಬಂದಿ, ಬೆಳೆ ಪರಿಹಾರದ ಅರ್ಜಿಗಳು, ಗ್ರಾಮ ಪಂಚಾಯಿತಿ, ನಾಡಕಚೇರಿ ಎಲ್ಲವೂ ನಮ್ಮ ಸುತ್ತಲೇ ಇವೆ. ಕಲಿಕೆಗೆ ನಮ್ಮೂರಲ್ಲಿ ಬರವಿಲ್ಲ. ಅದನ್ನು ಗುರುತಿಸಿ ಲೆಕ್ಕಕ್ಕೆ ತರುವವರು ಮಾತ್ರ ಇಲ್ಲ.

ಇದು ಆಗದ ಮಾತೂ ಅಲ್ಲ. ನಮ್ಮ ಜಿಲ್ಲೆಯ ಕಾರೇಕೆರೆಯಲ್ಲೇ ಕೃಷಿ ಕಾಲೇಜಿದೆ. ಕೃಷಿ ಪದವಿಯ ಮಕ್ಕಳು ಕೊನೆಯ ವರ್ಷ ಗ್ರಾಮೀಣ ಕೃಷಿ ಕಾರ್ಯಾನುಭವ ಎಂದು ಹಳ್ಳಿಗೆ ಬರುತ್ತಾರೆ. ಹಳ್ಳಿಯಲ್ಲೇ ಉಳಿದು, ರೈತರ ಜೊತೆ ಗದ್ದೆಗಿಳಿದು, ಬೀದಿಯಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆದು, ಜನರನ್ನು ಕೂರಿಸಿಕೊಂಡು ಮಾತಾಡುತ್ತಾರೆ. ಅವರ ಪ್ರಾಧ್ಯಾಪಕರು ಬಂದು ನೋಡುತ್ತಾರೆ. ಬಿ.ಇಡಿ. ಮಾಡುವವರು ಎರಡು ವರ್ಷದಲ್ಲಿ ಇಪ್ಪತ್ತು ವಾರ ಶಾಲೆಗಳಲ್ಲಿ ಕಳೆಯುತ್ತಾರೆ, ಎಲ್ಲಿಗೆ ಹೋಗಬೇಕೆಂದು ಮೊದಲೇ ಗೊತ್ತಿರುತ್ತದೆ. ಕೃಷಿಯವರಿಗೆ, ಶಿಕ್ಷಕರಾಗುವವರಿಗೆ ಇರುವ ವ್ಯವಸ್ಥೆ ಬಿ.ಎ., ಬಿ.ಕಾಂ. ಮಕ್ಕಳಿಗೆ ಬಂದಾಗ ‘ನೀವೇ ಹುಡುಕಿಕೊಳ್ಳಿ’ ಆಗುವುದೇಕೆ?

ಇನ್ನು ದುಡ್ಡಿನ ಮಾತು. ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಶುರುಮಾಡಿದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ತಿಂಗಳಿಗೆ 5,000 ರೂಪಾಯಿ ಕೊಡುತ್ತಾರೆಂದು ನಾವೂ ಆಸೆಪಟ್ಟೆವು. ಆದರೆ ಶುರುವಾದಾಗ ಅದು 21ರಿಂದ 24 ವರ್ಷದ, ಪೂರ್ಣಾವಧಿ ಓದಿನಲ್ಲಿ ಇಲ್ಲದವರಿಗೆ ಮಾತ್ರ ಇತ್ತು. ನಮ್ಮ ರಾಜ್ಯದ ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಬರುತ್ತದೆ. ಅದೂ ಪಾಸಾಗಿ ಆರು ತಿಂಗಳು ಕೆಲಸವಿಲ್ಲದೆ ಕೂತ ಮೇಲೆ. ಕೆಲಸವಿಲ್ಲದ ಮಕ್ಕಳ ಕೈ ಹಿಡಿಯುವ ಸರ್ಕಾರ, ಅವರು ಕೆಲಸ ಕಲಿಯುವ ಆ ಒಂದೂವರೆ ತಿಂಗಳೂ ಕೈ ಹಿಡಿಯಬಾರದೇ? ಹುಡುಗಿಯರಿಗೆ ಬಸ್ಸಿನ ಖರ್ಚಿಲ್ಲ, ಹುಡುಗರಿಗೆ ಅದೂ ಇದೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗುವ ಕೂಲಿ ಮನೆಯ ಹುಡುಗ ಆ ವಾರಗಳ ಕೂಲಿಯನ್ನೂ ಕಳೆದುಕೊಳ್ಳುತ್ತಾನೆ. ಸರ್ಟಿಫಿಕೇಟ್ ಮಾರುವವನ ಕಡೆ ಅವನು ಯಾಕೆ ತಿರುಗುತ್ತಾನೆ ಎಂಬುದು ಇಲ್ಲೇ ತಿಳಿಯುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಇವು:

1. ತಾಲ್ಲೂಕಿಗೊಂದು ಇಂಟರ್ನ್‌ಶಿಪ್ ಪಟ್ಟಿ ಮಾಡಿಸಿ. ಸಹಕಾರ ಸಂಘ, ಪಂಚಾಯಿತಿ, ಕಾಫಿ ಮಂಡಳಿ, ಅರಣ್ಯ ಮತ್ತು ತೋಟಗಾರಿಕೆ ಇಲಾಖೆ, ಒಪ್ಪುವ ತೋಟಗಳು ಅದರಲ್ಲಿರಲಿ. ಜಾಗ ಹುಡುಕುವ ಹೊಣೆ ಕಾಲೇಜಿನದಾಗಲಿ, ವಿದ್ಯಾರ್ಥಿಯದಲ್ಲ.

2. ವಿದ್ಯಾರ್ಥಿಯಿಂದ ಹಣ ಪಡೆದು ಕೊಡುವ ಇಂಟರ್ನ್‌ಶಿಪ್ ಸರ್ಟಿಫಿಕೇಟಿಗೆ ಕ್ರೆಡಿಟ್ ಇಲ್ಲ ಎಂದು ಸ್ಪಷ್ಟ ಆದೇಶ ಹೊರಡಿಸಿ. ಆದರೆ ಮೊದಲನೆಯ ಬೇಡಿಕೆ ಈಡೇರಿದ ಮೇಲೆ. ಜಾಗ ಕೊಡದೆ ಬಾಗಿಲು ಮಾತ್ರ ಮುಚ್ಚಿದರೆ ಪೆಟ್ಟು ಬೀಳುವುದು ಬಡ ಮಕ್ಕಳಿಗೇ.

3. ಮಾರ್ಗದರ್ಶಕರು ಕನಿಷ್ಠ ಎರಡು ಸಲ ಕೆಲಸದ ಜಾಗಕ್ಕೆ ಹೋಗಿ ನೋಡಲಿ. ಅತಿಥಿ ಉಪನ್ಯಾಸಕರಿಗೆ ಆ ಕೆಲಸವನ್ನು ಕಾರ್ಯಭಾರದಲ್ಲಿ ಸೇರಿಸಿ, ಪ್ರಯಾಣ ಭತ್ಯೆ ಕೊಡಿ.

4. ಗಂಟೆಗೆ ತಕ್ಕ ಕ್ರೆಡಿಟ್ ಕೊಡಿ. 90 ಗಂಟೆ ದುಡಿಸಿದರೆ 3 ಕ್ರೆಡಿಟ್, 2 ಕ್ರೆಡಿಟ್ ಮಾತ್ರವಾದರೆ 60 ಗಂಟೆ.

5. ಆ ವಾರಗಳಿಗೆ ಒಂದು ಸಣ್ಣ ಭತ್ಯೆ ಕೊಡಿ. ಆನೆ ಓಡಾಡುವ ಸೀಮೆಯ ಮಕ್ಕಳಿಗೆ ಮನೆಯ ಹತ್ತಿರದ ಜಾಗ, ಬೆಳಕಿರುವಾಗಲೇ ಮುಗಿಯುವ ವೇಳೆ ಸಿಗಲಿ.

6. ವಿದ್ಯಾರ್ಥಿ ಬರೆಯುವ ವರದಿಯ ಒಂದು ಪ್ರತಿ, ಅರ್ಥವಾಗುವ ಕನ್ನಡದಲ್ಲಿ, ಅವನು ಕೆಲಸ ಮಾಡಿದ ಊರಿಗೆ ಸಿಗಲಿ.

ಮಾನ್ಯರೇ, ಕೊನೆಯದಾಗಿ ನಮ್ಮ ಕಣದ ಒಂದು ವಿಷಯ ಹೇಳಿ ಮುಗಿಸುತ್ತೇನೆ. ಕೊಯ್ಲಿನ ಕಾಲದಲ್ಲಿ ಸಂಜೆ ಹಣ್ಣಿನ ಚೀಲಗಳು ಕಣಕ್ಕೆ ಬರುತ್ತವೆ. ಕೊಯ್ದವರಿಗೆ ಕೆ.ಜಿ. ಲೆಕ್ಕದಲ್ಲಿ ಕೂಲಿ. ಪ್ರತಿ ಚೀಲವನ್ನೂ ಕೊಯ್ದವರ ಎದುರಿಗೇ ತೂಗುತ್ತೇವೆ, ತೂಕವನ್ನು ಎಲ್ಲರಿಗೂ ಕೇಳುವಂತೆ ಕೂಗುತ್ತೇವೆ, ಆಮೇಲೆ ಬರೆಯುತ್ತೇವೆ. ಪಿಯುಸಿ ಓದುವಾಗಿನಿಂದ ಆ ಪುಸ್ತಕ ಬರೆದವಳು ನನ್ನ ಮಗಳೇ. ಒಂದು ವರ್ಷ ಕತ್ತಲಾಗುತ್ತಿತ್ತು, ಮೋಡ ಕವಿದಿತ್ತು, ಉಳಿದ ನಾಲ್ಕು ಚೀಲಕ್ಕೆ ಅಂದಾಜಿನಲ್ಲಿ ಬರೆದುಬಿಡು ಎಂದು ನಾನೇ ಹೇಳಿದೆ. ಅವಳು ಒಪ್ಪಲಿಲ್ಲ. ಟಾರ್ಚ್ ತರಿಸಿ ನಾಲ್ಕನ್ನೂ ತೂಗಿಸಿದಳು. ‘ಅವರು ಬೆಳಗಿನಿಂದ ಕೊಯ್ದಿದ್ದಾರೆ ಅಪ್ಪ’ ಎಂದಳು.

ಆ ಸಂಜೆಯ ಲೆಕ್ಕಕ್ಕೆ ಅವಳಿಗೆ ಯಾವ ಕ್ರೆಡಿಟ್ಟೂ ಸಿಗಲಿಲ್ಲ, ಅವಳು ಅದನ್ನು ಕೇಳಿದವಳೂ ಅಲ್ಲ. ಆದರೆ ಅವಳ ತಮ್ಮ ಈಗ ಪದವಿಯ ಮೊದಲ ವರ್ಷದಲ್ಲಿದ್ದಾನೆ. ಅವನ ಸರದಿ ಬರುವಾಗ, ಅವನು ದುಡಿದ ಗಂಟೆಗಳನ್ನು ಯಾರಾದರೊಬ್ಬರು ಎದುರಿಗೆ ನಿಂತು ತೂಗಿ ಬರೆಯಲಿ ಎಂದು ಬೇಡಿಕೊಳ್ಳುತ್ತೇನೆ.



ಇತಿ ತಮ್ಮ ವಿಶ್ವಾಸಿ,
ಬಾಳ್ಳುಪೇಟೆಯ ಒಬ್ಬ ಕಾಫಿ ಬೆಳೆಗಾರ, ಇಬ್ಬರು ಮಕ್ಕಳ ತಂದೆ
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ